ಕಡಲ ದಂಡೆಗೆ ನೆಟ್ಟ ಗೂಟ

ನಮ್ಮ ಜೀಪಿನಲ್ಲಿ ಪ್ರತಿ ವಸ್ತುವಿಗೂ ಒಂದು ಜಾಗವಿತ್ತು. ಎಡಗಡೆ ಸೀಟಿನ ಕೆಳಗೆ ಸ್ಟೌ, ಅದರ ಪಕ್ಕ ಸೀಮೆಎಣ್ಣೆಯ ಡಬ್ಬಿ, ಹಿಂದೆ ತಾಡಪತ್ರಿಯ ಡೇರೆ, ಗುದ್ದಲಿ, ಹಗ್ಗ, ನೀರಿನ ಎರಡು ಕ್ಯಾನು. ಹುಡ್ಡಿನ ಕಬ್ಬಿಣದ ಕಮಾನಿಗೆ ಕಟ್ಟಿದ ಬಿಳಿ ಬಟ್ಟೆಯ ಗಂಟಿನಲ್ಲಿ ಹತ್ತು ದಿನಕ್ಕೆ ಸಾಲುವಷ್ಟು ಖಡಕ್ ರೊಟ್ಟಿ. ಮುಂದಿನ ಗಾಜಿನ ಕೆಳಗೆ ಒಂದು ರಟ್ಟು ಅಂಟಿಸಿದ್ದೆ. ಅದರ ಮೇಲೆ ಬರೆದದ್ದು ಇಷ್ಟೇ: ಎಂಟು, ಹನ್ನೆರಡು, ನಾಲ್ಕು, ಎಂಟು. ಅವು ನನ್ನ ಹೆಂಡತಿಯ ಊಟದ ವೇಳೆಗಳು.

ಅವಳ ಹೊಟ್ಟೆಯಲ್ಲಿ ಹುಣ್ಣಿತ್ತು. ಒಂದು ವರ್ಷ ಶ್ರಾವಣದ ಉಪವಾಸಗಳನ್ನು ಒಂದೂ ಬಿಡದೆ ಮಾಡಿ, ಕೊನೆಗೆ ರಕ್ತ ಕಾರಿಕೊಂಡಳು. ಕಲಬುರ್ಗಿಯ ದವಾಖಾನೆಯಲ್ಲಿ ಹನ್ನೊಂದು ದಿನ ಇದ್ದೆವು. ಮನೆಗೆ ಬಿಡುವಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, ಹಗಲಿನಲ್ಲಿ ಇವರ ಹೊಟ್ಟೆ ನಾಲ್ಕು ತಾಸಿಗಿಂತ ಹೆಚ್ಚು ಖಾಲಿ ಇರಬಾರದು, ಇನ್ನೊಮ್ಮೆ ಹೀಗಾದರೆ ಇಲ್ಲಿಯವರೆಗೆ ತರುವುದಕ್ಕೂ ಆಗದಿರಬಹುದು ಎಂದರು. ಅಂದಿನಿಂದ ಆ ನಾಲ್ಕು ವೇಳೆಗಳ ಜವಾಬ್ದಾರಿ ನನ್ನದು. ಪ್ರವಾಸದ ನೋಟ್‌ಬುಕ್ಕಿನಲ್ಲಿಯೂ ಅದಕ್ಕೊಂದು ಕಾಲಂ ಹಾಕಿದ್ದೆ. ಅವಳು ಉಂಡ ಮೇಲೆ ಗಡಿಯಾರ ನೋಡಿ ವೇಳೆ ಬರೆಯುತ್ತಿದ್ದೆ.

ನನ್ನದೂ ಒಂದು ನೇಮವಿತ್ತು. ಏಳನೆಯ ವಯಸ್ಸಿಗೆ ನನ್ನನ್ನು ಆಳಂದದ ಕಡೆಯ ಒಂದು ಸಣ್ಣ ಮಠದ ವಸತಿ ಶಾಲೆಗೆ ಸೇರಿಸಿದ್ದರು. ನಸುಕಿನಲ್ಲಿ ಗಂಟೆ ಹೊಡೆಯುತ್ತಿತ್ತು. ಸ್ನಾನ, ಆಮೇಲೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ, ಆಮೇಲಷ್ಟೇ ಊಟ. ಪೂಜೆ ತಪ್ಪಿಸಿದವನಿಗೆ ತಾಟು ಹಾಕುತ್ತಿರಲಿಲ್ಲ. ಜ್ವರ ಬಂದಾಗಲೂ ಹಾಸಿಗೆಯಲ್ಲಿ ಎಬ್ಬಿಸಿ ಕೂರಿಸಿ ವಿಭೂತಿ ಹಚ್ಚುತ್ತಿದ್ದರು. ಆ ಶಾಲೆ ಬಿಟ್ಟು ಮೂವತ್ತು ವರ್ಷ ಕಳೆದರೂ ಪೂಜೆಯಿಲ್ಲದೆ ನಾನು ಒಂದು ತುತ್ತು ಬಾಯಿಗೆ ಹಾಕಿರಲಿಲ್ಲ. ಲಿಂಗವೇ ಕಳೆದುಹೋದರೆ ಏನು ಮಾಡಬೇಕೆಂಬುದನ್ನೂ ಅಲ್ಲಿಯೇ ಕಲಿಸಿದ್ದರು. ಗುರುಗಳ ಕೈಯಿಂದ ಹೊಸದು ಕಟ್ಟಿಸಿಕೊಳ್ಳುವವರೆಗೆ ನೀರನ್ನೂ ಮುಟ್ಟಬಾರದು.

ನೌಕರಿ ನೀರಾವರಿ ಇಲಾಖೆಯಲ್ಲಿ, ಓವರ್‌ಸಿಯರ್. ಬಹುಕಾಲ ಅಫಜಲಪುರದಲ್ಲಿದ್ದೆ. ಮಳೆಗಾಲದಲ್ಲಿ ಭೀಮಾ ನದಿಯ ಮಟ್ಟ ಅಳೆದು ಬರೆಯುವುದು ನನ್ನ ಕೆಲಸದಲ್ಲಿ ಒಂದು. ಸೇತುವೆಯ ಕಂಬಕ್ಕೆ ಬಣ್ಣದಲ್ಲಿ ಅಂಕೆ ಬರೆದಿತ್ತು, ಆದರೆ ಕರಜಗಿ ಕಡೆಯ ರೈತರಿಗೆ ಆ ಅಂಕೆ ಬೇಕಿರಲಿಲ್ಲ. ಪ್ರವಾಹ ಬಂದಾಗ ಅವರು ನೀರಿನ ಅಂಚಿಗೆ ಒಂದು ಜಾಲಿ ಗೂಟ ನೆಡುತ್ತಿದ್ದರು. ನೀರು ಗೂಟ ದಾಟಿ ಬಂದರೆ ದನ ಬಿಚ್ಚಿ ಹೊರಡಬೇಕು. ಗೂಟ ಬಿಟ್ಟು ಹಿಂದೆ ಸರಿದರೆ ಮನೆಗೆ ಹೋಗಿ ಮಲಗಬಹುದು. ಒಮ್ಮೆ ಸರಿಯಲು ಹತ್ತಿದ ಹೊಳೆ ಅದೇ ದಿನ ತಿರುಗಿ ಬರುವುದಿಲ್ಲ. ನಾನು ಎಷ್ಟೋ ಮಳೆಗಾಲ ಅದನ್ನು ತಾಳೆ ನೋಡಿದ್ದೇನೆ. ಒಮ್ಮೆಯೂ ತಪ್ಪಿರಲಿಲ್ಲ.

ಜೀಪು ಹಳೆಯ ಸರಕಾರಿ ಜೀಪು, ಹರಾಜಿನಲ್ಲಿ ಹಿಡಿದದ್ದು. ಗೇರಿನ ಪಕ್ಕ ಇನ್ನೆರಡು ಸಣ್ಣ ಕೋಲುಗಳಿದ್ದವು. ಒಂದನ್ನು ಎಳೆದರೆ ಮುಂದಿನ ಗಾಲಿಗಳಿಗೂ ಎಳೆತ ಬರುತ್ತಿತ್ತು, ಇನ್ನೊಂದು ಅದನ್ನು ನಿಧಾನ ಮಾಡಿ ಬಲ ಕೊಡುತ್ತಿತ್ತು. ಜೇವರ್ಗಿಯಲ್ಲಿ ಎರಡು ವರ್ಷ ಇದ್ದಾಗ, ಮಳೆಗಾಲದ ಎರೆಮಣ್ಣಿನ ದಾರಿಗಳಲ್ಲಿ ಅದರ ಉಪಯೋಗ ಕಲಿತೆ. ನನ್ನ ಹೆಂಡತಿ ಒಕ್ಕಲುತನದ ಮನೆಯಿಂದ ಬಂದವಳು. ಗಾಲಿ ಹೂತಾಗಲೆಲ್ಲ ಅವಳು ಹೇಳುತ್ತಿದ್ದುದು ಒಂದೇ ಮಾತು: "ಮುಂದಿನ ಎತ್ತು ಹೂಡ್ರಿ."

ಹೊರಗೆ ತಿರುಗುವ ಹುಚ್ಚು ಮೊದಲು ಅವಳದ್ದೇ. ದವಾಖಾನೆಯಿಂದ ಬಂದ ವರ್ಷ, "ಸಾಯೂದ್ರಾಗ ಕಾಡು ನೋಡಬೇಕ್ರಿ, ಸಮುದ್ರ ನೋಡಬೇಕ್ರಿ. ಇಲ್ಲಿ ಜ್ವಾಳ, ತೊಗರಿ ಬಿಟ್ರ ಏನದ" ಎಂದಳು. ಆಗ ಅವಳಿಗೆ ಮೂವತ್ತೈದು ವರ್ಷ. ಸಂಕ್ರಾಂತಿ ಮುಗಿದ ಮೇಲೆ ಹತ್ತು ದಿನ ರಜೆ ಹಾಕಿ ಹೊರಟೆವು. ಆಮೇಲೆ ಪ್ರತಿ ವರ್ಷ ಅದೇ ಪದ್ಧತಿಯಾಯಿತು. ಬಂಡೀಪುರ, ನಾಗರಹೊಳೆ, ಕುದುರೆಮುಖದ ಗುಡ್ಡಗಳು. ಅರಣ್ಯ ಇಲಾಖೆಯ ಪರವಾನಗಿ ಪತ್ರ ತರಿಸಿ, ಅವರು ತೋರಿಸಿದ ಜಾಗದಲ್ಲಿ ಡೇರೆ ಹಾಕಿಕೊಳ್ಳುತ್ತಿದ್ದೆವು. ಆಫೀಸಿನ ಜವಾನನಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ.

"ಅಲ್ರಿ ಸಾಹೇಬ್ರ," ಎಂದ ಒಮ್ಮೆ, "ಅಡವ್ಯಾಗ ಮೂರು ಕಲ್ಲು ಹೂಡಿ ಉಣ್ಣಾಕ ಅಷ್ಟು ದೂರ ಯಾಕ ಹೋಗ್ತೀರಿ? ನಮ್ಮ ಹೊಲಕ್ಕ ಬರ್ರಿ, ಅದೂ ಅಡವಿನೇ ಅದ."

"ನಿಮ್ಮ ಹೊಲದಾಗ ಆನಿ ಅದಾವೇನೋ?" ಎಂದಳು ನನ್ನ ಹೆಂಡತಿ.

"ಹಂದಿ ಅದಾವ್ರಿ ಅಮ್ಮಾರ. ಬೇಕಾದಷ್ಟು."

ನಾಗರಹೊಳೆಯಲ್ಲಿ ಆನೆಯನ್ನೂ ನೋಡಿದೆವು. ಮಧ್ಯಾಹ್ನ ನಾಲ್ಕರ ಹೊತ್ತು. ಜೀಪು ನಿಲ್ಲಿಸಿ ರೊಟ್ಟಿ ಗಂಟು ಬಿಚ್ಚಿದ್ದೆವು. ಐವತ್ತು ಹೆಜ್ಜೆ ದೂರದ ಬಿದಿರಿನಿಂದ ಮರಿ ಸಮೇತ ಒಂದು ಹೆಣ್ಣಾನೆ ಹೊರಬಂದು ನಿಂತಿತು. ಜೊತೆಗಿದ್ದ ಅರಣ್ಯದ ಕಾವಲುಗಾರ ತುಟಿಯ ಮೇಲೆ ಬೆರಳಿಟ್ಟ. ಖಡಕ್ ರೊಟ್ಟಿ ಮುರಿದರೆ ಒಣ ಕಟ್ಟಿಗೆ ಮುರಿದಷ್ಟು ಸದ್ದು. ನಾನು ರಟ್ಟು ತೋರಿಸಿದೆ, ವೇಳೆಯಾಗಿತ್ತು. ಅವಳು ಲೋಟದ ನೀರಿನಲ್ಲಿ ರೊಟ್ಟಿ ಅದ್ದಿ, ಮೆತ್ತಗೆ ಮಾಡಿಕೊಂಡು, ಆನೆಯನ್ನೇ ನೋಡುತ್ತ ಸದ್ದಿಲ್ಲದೆ ಉಂಡಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ನಾಲ್ಕು ಗಂಟೆ ಐದು ನಿಮಿಷ.

ಐದನೆಯ ವರ್ಷ ಸಮುದ್ರಕ್ಕೆ ಹೊರಟೆವು. ದಾಂಡೇಲಿಯ ಕಾಡಿನಲ್ಲಿ ಮೂರು ದಿನ, ಅಣಶಿಯಲ್ಲಿ ಎರಡು ದಿನ ಇದ್ದು, ಘಟ್ಟ ಇಳಿದು ಕಾರವಾರದ ಕಡೆಯ ಒಂದು ಸಣ್ಣ ಮೀನುಗಾರರ ಊರಿಗೆ ಬಂದಾಗ ಸಂಜೆಯಾಗಿತ್ತು. ಗಾಳಿಮರಗಳ ತೋಪಿನಲ್ಲಿ ಡೇರೆ ಹಾಕಿದೆ. ಅವಳು ಒಬ್ಬಳೇ ನೀರಿನ ತನಕ ಹೋಗಿ, ಸೆರಗು ಹೊದ್ದು, ಬಹಳ ಹೊತ್ತು ನಿಂತಳು. ತಿರುಗಿ ಬಂದು, "ಆ ಕಡಿ ದಂಡಿನೇ ಇಲ್ರಿ ಇದಕ್ಕ" ಎಂದಳಷ್ಟೇ.

ಮರುದಿನ ನಸುಕಿನಲ್ಲಿ ಅವಳು ಕ್ಯಾನಿನಲ್ಲಿ ಉಳಿದ ಸಿಹಿನೀರಿನಲ್ಲಿ ಸ್ನಾನ ಮಾಡಿ, ಪೂಜೆ ಮುಗಿಸಿ, ಎಂಟಕ್ಕೆ ರೊಟ್ಟಿ ತಿಂದಳು. ನಾನು, ಹೇಗೂ ಇಲ್ಲಿಯವರೆಗೆ ಬಂದದ್ದಾಗಿದೆ, ಸಮುದ್ರ ಸ್ನಾನ ಮಾಡಿಯೇ ಪೂಜೆಗೆ ಕೂರೋಣ ಎಂದು ನನ್ನದನ್ನು ಮುಂದೆ ಹಾಕಿದೆ. ಮೊದಲು ನೀರಿನ ಗುಣ ತಿಳಿಯಬೇಕಲ್ಲ. ಡೇರೆಯ ಜಾಲಿ ಗೂಟ ಒಂದನ್ನು ತಂದು ನೀರಿನ ಅಂಚಿಗೆ ನೆಟ್ಟೆ. ಒಂಬತ್ತಕ್ಕೆ ನೀರು ಹದಿನಾಲ್ಕು ಹೆಜ್ಜೆ ಹಿಂದೆ ಹೋಗಿತ್ತು. ಹತ್ತಕ್ಕೆ ಮೂವತ್ತೊಂದು. ಎರಡನ್ನೂ ಬರೆದುಕೊಂಡೆ.

"ನೀರು ಇಳೀಲಾಕತ್ತದ," ಎಂದೆ. "ಇನ್ನ ಅಂಜಿಕಿಲ್ಲ."

ಮೇಲಿನ ಒಣ ಉಸುಕಿನಲ್ಲಿ ಜೀಪು ಹೂಳುತ್ತಿತ್ತು, ಕೆಳಗಿನ ಹಸಿ ಉಸುಕು ಡಾಂಬರಿನಂತೆ ಗಟ್ಟಿ. ಮುಂದಿನ ಎತ್ತು ಹೂಡಿ ಜೀಪನ್ನು ಕೆಳಗಿಳಿಸಿ, ಗೂಟದ ಮೇಲ್ಗಡೆ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿದೆ. ನೀರಿಗಿಳಿಯುವ ಮುಂಚೆ, ಲಿಂಗವಿಟ್ಟು ಕೊರಳಿಗೆ ಕಟ್ಟಿಕೊಂಡ ಕರಡಿಗೆಯ ಬಗ್ಗೆ ಯೋಚಿಸಿದೆ. ಲಿಂಗದ ಮೇಲೆ ಕಪ್ಪು ಕಂತಿಯ ಲೇಪವಿರುತ್ತದೆ. ಉಪ್ಪುನೀರು ಕರಡಿಗೆಯೊಳಗೆ ಹೋದರೆ ಅದು ಬಿಟ್ಟುಕೊಳ್ಳಬಹುದು.

"ನೀನೂ ತಗದಿಡು," ಎಂದೆ ಅವಳಿಗೆ.

"ನಾ ತಗಿಯಂಗಿಲ್ರಿ. ಮೈಮ್ಯಾಲಿನ ಲಿಂಗ ಅದು."

"ಕಂತಿ ಹೋಗ್ತದ."

"ಹೋದ್ರ ಇನ್ನೊಮ್ಮಿ ಹಚ್ಚಿಸಿದ್ರಾತು. ಲಿಂಗ ಹೋದ್ರ?"

ಜೀಪಿನೊಳಗೆಲ್ಲ ಸೀಮೆಎಣ್ಣೆಯ ವಾಸನೆ. ಇಡೀ ದಂಡೆಯಲ್ಲಿ ಸ್ವಚ್ಛವಾದ, ಎತ್ತರದ, ಯಾರ ಕಾಲಿಗೂ ಸಿಗದ ಜಾಗ ನನಗೆ ಒಂದೇ ಕಂಡಿತು. ನೀರು ಬಿಟ್ಟು ಹೋದ ಗೂಟ. ಶಿವದಾರವನ್ನು ಎರಡು ಸುತ್ತು ಸುತ್ತಿ ಕರಡಿಗೆಯನ್ನು ಅದಕ್ಕೆ ತೂಗುಹಾಕಿದೆ.

ಸ್ನಾನ ಮಾಡಿ ಮೇಲೆ ಬಂದಾಗ ಮೈಯೆಲ್ಲ ಉಪ್ಪು. ಆ ಮೈಗೆ ಲಿಂಗ ಧರಿಸಬಾರದು, ಮೊದಲು ಸಿಹಿನೀರು ಹಾಕಿಕೊಳ್ಳಬೇಕು ಎಂದು ತೀರ್ಮಾನಿಸಿದೆ. ಕ್ಯಾನುಗಳು ಖಾಲಿಯಾಗಿದ್ದವು. ತೋಪಿನ ಆಚೆ, ಊರೊಳಗೆ ಬಾವಿಯಿದೆ ಎಂದು ತಿಳಿದು, ಇಬ್ಬರೂ ಒಂದೊಂದು ಕ್ಯಾನು ಹಿಡಿದು ನಡೆದೆವು. ಬಾವಿಯ ಗಡಗಡೆ, ಹಗ್ಗ ಹಾಯುವ ರಾಟೆ, ಕೆಟ್ಟಿತ್ತು. ಹೆಂಗಸರು ಹಗ್ಗವನ್ನು ಬರಿಗೈಯಲ್ಲಿ ಎಳೆಯುತ್ತಿದ್ದರು. ಅದು ಎಷ್ಟು ದಿನದಿಂದ ಹಾಗಿದೆಯೋ. ನನಗೆ ನೋಡಿ ಸುಮ್ಮನಿರಲಾಗಲಿಲ್ಲ. ಗಡಗಡೆ ಬಿಚ್ಚಿ, ತುಕ್ಕು ಕೆರೆದು, ಸವೆದ ಅಚ್ಚಿಗೆ ಹೊಸ ಕಟ್ಟಿಗೆ ಕೆತ್ತಲು ಕುಳಿತೆ. ನನ್ನ ಹೆಂಡತಿ ಆ ಹೆಂಗಸರಿಗೆ ಜೋಳದ ರೊಟ್ಟಿ ಬಡಿಯುವುದನ್ನು ಕೈಯಾಡಿಸಿ ತೋರಿಸುತ್ತಿದ್ದಳು.

"ಹನ್ನೆರಡಾತ್ರಿ," ಎಂದಳು ಒಮ್ಮೆ.

"ಹೋಗಿ ಉಣ್ಣು. ನಾ ಹಿಂದ ಬರ್ತೇನಿ."

"ನಿಮ್ಮ ಪೂಜಿ ಆಗಲಿ, ಕೂಡೇ ಉಣ್ಣೂಣು. ಒಂದು ತಾಸಿನಾಗ ಏನಾಗ್ತದ." ಆಮೇಲೆ ಕಣ್ಣು ಮಿಟುಕಿಸಿ, "ನಿಮ್ಮ ಲಿಂಗಕ್ಕ ಅಲ್ಲಿ ಗಾಳಿ ಸೇವಾ ನಡದದ" ಎಂದಳು.

ರಟ್ಟಿನ ಮೇಲಿನ ಹನ್ನೆರಡನ್ನು ನಾನೇ ತಪ್ಪಿಸಿದ ದಿನ ಅದು. ಗಡಗಡೆ ಮುಗಿಸಿ, ತಲೆಯ ಮೇಲೆ ನಾಲ್ಕು ಕೊಡ ನೀರು ಸುರಿದುಕೊಂಡು, ತುಂಬಿದ ಕ್ಯಾನುಗಳನ್ನು ಹೊತ್ತು ತೋಪು ದಾಟಿದಾಗ ಎರಡು ದಾಟಿ ಕಾಲು ತಾಸಾಗಿತ್ತು.

ಜೀಪಿನ ನಾಲ್ಕೂ ಗಾಲಿ ನೀರಿನಲ್ಲಿದ್ದವು. ಗೂಟ ನೆಟ್ಟ ಜಾಗದಲ್ಲಿ ತೆರೆಗಳು ಮುರಿಯುತ್ತಿದ್ದವು. ಗೂಟ ಇರಲಿಲ್ಲ.

ನಾನು ಓಡಿ ನೀರಿಗಿಳಿದೆ. ಸೊಂಟದ ಮಟ್ಟ ನೀರಿನಲ್ಲಿ ಕಾಲಿನಿಂದ ತಡಕುತ್ತ, ಬಗ್ಗಿ ಕೈಯಾಡಿಸುತ್ತ ಎಷ್ಟು ಹೊತ್ತು ಇದ್ದೆನೋ. ಅಷ್ಟರಲ್ಲಿ ನನ್ನ ಹೆಂಡತಿ ದಂಡೆಗುಂಟ ಓಡಿ, ಆಚೆ ರಂಪಣಿ ಬಲೆ ಎಳೆಯುತ್ತಿದ್ದವರನ್ನು ಕರೆತಂದಳು. ರಂಪಣಿ ಎಂದರೆ ಊರಿನವರೆಲ್ಲ ಎರಡೂ ತುದಿ ಹಿಡಿದು ದಡಕ್ಕೆ ಎಳೆಯುವ ಉದ್ದನೆಯ ಬಲೆ. ಆ ಬಲೆಯ ಹಗ್ಗವನ್ನೇ ಜೀಪಿನ ಹಿಂದಿನ ಕೊಂಡಿಗೆ ಕಟ್ಟಿದರು. ಗಾಲಿಗಳ ಸುತ್ತಲಿನ ಉಸುಕು ಗಂಜಿಯಂತಾಗಿತ್ತು. ನಾನು ಸ್ಟೇರಿಂಗ್ ಹಿಡಿದು ಎರಡೂ ಕೋಲು ಎಳೆದೆ, ಇಪ್ಪತ್ತು ಮೂವತ್ತು ಜನ ರಾಗ ಹಾಕಿ ಜಗ್ಗಿದರು. ಜೀಪು ಮೀನಿನಂತೆ ಮೇಲೆ ಬಂತು.

ಅವರ ಹಿರಿಯ, ತಲೆಗೆ ಕೆಂಪು ವಸ್ತ್ರ ಸುತ್ತಿದ ಮುದುಕ, ಉಸಿರು ಬಿಡುತ್ತ ಕೇಳಿದ, "ಬೆಳಗಿನಿಂದ ನೋಡ್ತಿದ್ದೆ. ಆ ಗೂಟ ಎಂತಕ್ಕೆ ಹಾಕಿದ್ರಿ?"

ಹೇಳಿದೆ. ಭೀಮೆಯ ಸಂಗತಿಯನ್ನೂ ಹೇಳಿದೆ. ಅವನು ನಗಲಿಲ್ಲ, ಅವನ ಹಿಂದಿದ್ದವರು ನಕ್ಕರು.

"ನಿಮ್ಮದು ಹೊಳೆ," ಎಂದ ಮುದುಕ. "ಅದು ದಾರಿಹೋಕರ ಹಾಗೆ, ಹೋದ ಮೇಲೆ ಆಯ್ತು. ಇದು ಮನೆಯವರ ಹಾಗೆ. ದಿನಕ್ಕೆ ಎರಡು ಸಲ ಹೋಗ್ತದೆ, ಎರಡು ಸಲ ಬರ್ತದೆ. ನಮ್ಮ ಮೊಮ್ಮಗುವಿಗೂ ಗೊತ್ತು. ನೀವು ಕೇಳಬೇಕಿತ್ತು."

ಕೇಳಬೇಕಿತ್ತು. ಅಳೆದೆ, ಬರೆದೆ, ಕೇಳಲಿಲ್ಲ. ಇಷ್ಟು ವರ್ಷಗಳ ಮೇಲೂ ನನಗೆ ಚುಚ್ಚುವುದು ಅದೇ. ಎರಡು ತಾಸಿನ ಎರಡು ಅಂಕೆ ನೋಡಿ, ಸಮುದ್ರದ ಸ್ವಭಾವ ತಿಳಿಯಿತು ಎಂದುಕೊಂಡಿದ್ದೆ.

ಕಳೆದದ್ದು ಏನು ಎಂದು ತಿಳಿದಾಗ ಅವರು ಬಲೆ ಬಿಟ್ಟು ಬಂದು ಹುಡುಕಿದರು. ನೀರು ಏರುತ್ತಲೇ ಇತ್ತು. ಐದರ ಸುಮಾರಿಗೆ ಮುದುಕ, ಇನ್ನು ಸಿಗುವುದಿಲ್ಲ, ನಾಳೆ ಬೆಳಿಗ್ಗೆ ಇಳಿತದಲ್ಲಿ ನೋಡೋಣ, ಕೆಲವನ್ನು ಸಮುದ್ರ ತಿರುಗಿ ಕೊಡುತ್ತದೆ, ಕೆಲವನ್ನು ಇಲ್ಲ ಎಂದು ಹೇಳಿ, ನಮ್ಮ ಮುಂದೆ ಎರಡು ಎಳನೀರು ಕೆತ್ತಿಟ್ಟು ಹೋದ.

ನನ್ನ ಲೆಕ್ಕ ಆಗಲೇ ಮುಗಿದಿತ್ತು. ಬೆಳಿಗ್ಗೆ ಹುಡುಕುವುದು, ಸಿಗದಿದ್ದರೆ ಹೊರಡುವುದು. ಆಳಂದದ ಕಡೆಯ ಮಠಕ್ಕೆ ಆ ಜೀಪಿನಲ್ಲಿ ಎರಡು ದಿನದ ದಾರಿ. ಅಲ್ಲಿಯವರೆಗೆ ನನಗೆ ಅನ್ನ ನೀರು ಇಲ್ಲ. ಎರಡೂವರೆ ದಿನ, ಕಷ್ಟವೇನಲ್ಲ. ಹೀಗೆಂದುಕೊಂಡು ಹೆಂಡತಿಯ ಕಡೆ ನೋಡಿದೆ. ಅವಳು ಜೀಪಿನ ಹಿಂದಿನ ಹಲಗೆಯ ಮೇಲೆ ಕುಳಿತು, ಎಡಗೈಯ ಮುಷ್ಟಿಯನ್ನು ಎದೆಗೂಡಿನ ಕೆಳಗೆ ಒತ್ತಿಕೊಂಡಿದ್ದಳು. ಆ ಮುಷ್ಟಿ ನನಗೆ ಗೊತ್ತಿತ್ತು. ದವಾಖಾನೆಗೆ ಹೋಗುವ ಹಿಂದಿನ ದಿನವೂ ಹಾಗೆಯೇ ಕುಳಿತಿದ್ದಳು.

ರೊಟ್ಟಿ ಗಂಟು ಇಳಿಸಿ ಮುಂದಿಟ್ಟೆ. ತೆರೆಯ ತುಂತುರು ಬಡಿದು ಮೇಲಿನ ರೊಟ್ಟಿಗಳು ಮೆತ್ತಗಾಗಿದ್ದವು.

"ಉಣ್ಣು. ಒಂಬತ್ತು ತಾಸು ಆತು ನಿನಗ."

"ನೀವು ಉಣ್ರಿ. ನಾ ಉಣ್ತೇನಿ."

"ನನಗ ಬರಂಗಿಲ್ಲ. ನಿನಗ ಗೊತ್ತದ."

"ಗೊತ್ತದ್ರಿ. ಅದಕ್ಕ ನಾನೂ ಉಣ್ಣಂಗಿಲ್ಲ."

"ನಿನ್ನ ಲಿಂಗ ನಿನ್ನ ಕೊರಳಾಗೇ ಅದಲ್ಲ ಬೇ. ನಿನಗೇನಾಗ್ಯಾದ? ಇದು ನನ್ನ ನೇಮ."

"ನಿಮ್ಮ ನೇಮದಾಗ ನಾ ಯಾರ್ರಿ, ಹೆಂಡ್ತಿನೋ ಗೂಟಾನೋ? ನೀವು ಹಸ್ತು ಕುಂತಾಗ ನಿಮ್ಮ ಮುಂದ ಕುಂತು ರೊಟ್ಟಿ ತಿನ್ನೂದು ನನಗ ಯಾವ ಮಠದಾಗೂ ಕಲಿಸಿಲ್ಲ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಹಟವೂ ಇರಲಿಲ್ಲ. ಇಷ್ಟು ಹೇಳುವುದಕ್ಕೆ ನಡುವೆ ಎರಡು ಸಲ ಉಸಿರು ನಿಲ್ಲಿಸಿ ಮುಷ್ಟಿ ಒತ್ತಿಕೊಂಡಳು.

ಮುಂದಿನ ಗಾಜಿನ ಕೆಳಗೆ ನಾನೇ ಅಂಟಿಸಿದ ರಟ್ಟಿತ್ತು. ಕೊರಳಲ್ಲಿ ಏನೂ ಇರಲಿಲ್ಲ. ಎರಡೂ ನಾನು ಒಪ್ಪಿಕೊಂಡ ನೇಮಗಳೇ. ಎರಡನ್ನೂ ಐದು ವರ್ಷ ಒಟ್ಟಿಗೆ ನಡೆಸಿದ್ದೆ, ಒಂದಕ್ಕೊಂದು ಅಡ್ಡ ಬಂದಿರಲಿಲ್ಲ. ಮಠದಲ್ಲಿ ಎಲ್ಲವನ್ನೂ ಕಲಿಸಿದ್ದರು. ಅಡ್ಡ ಬಂದ ದಿನ ಯಾವುದನ್ನು ಬಿಡಬೇಕು ಎಂಬುದನ್ನು ಯಾರೂ ಹೇಳಿರಲಿಲ್ಲ. ನನ್ನ ನೇಮ ಉಳಿಸಿಕೊಂಡರೆ ಅದರ ಬೆಲೆ ಅವಳ ಹೊಟ್ಟೆ ಕೊಡುತ್ತದೆ. ತಪ್ಪು ಮಾಡಿದವನು ನಾನು.

ಕೈ ತೊಳೆದೆ. ಒಂದು ರೊಟ್ಟಿ ತೆಗೆದುಕೊಂಡೆ. ಮುರಿದಾಗ ಸದ್ದಾಗಲಿಲ್ಲ. ಶೇಂಗಾ ಹಿಂಡಿ ಹಚ್ಚಿ ಮೊದಲ ತುತ್ತು ಬಾಯಿಗಿಟ್ಟೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ತುತ್ತು ಇಳಿದದ್ದು ಖಾತ್ರಿಯಾದ ಮೇಲೆ ತಾನೂ ಒಂದು ತೆಗೆದುಕೊಂಡಳು.

ಸ್ವಲ್ಪ ಹೊತ್ತು ಉಂಡು, "ಉಪ್ಪು ಸಾಕಾಗ್ಯಾದ" ಎಂದಳು.

ನಾನು ಮುಖ ಆಚೆ ತಿರುಗಿಸಿ ಇನ್ನೊಂದು ರೊಟ್ಟಿ ತೆಗೆದುಕೊಂಡೆ. ಮುದುಕ ಇಟ್ಟ ಎಳನೀರು ಕುಡಿದೆವು. ಕತ್ತಲಾಗುವ ಹೊತ್ತಿಗೆ ಅವಳ ಮುಷ್ಟಿ ಬಿಚ್ಚಿತ್ತು.

ಮರುದಿನ ಬೆಳಿಗ್ಗೆ ಇಳಿತಕ್ಕೆ ಇಡೀ ಊರೇ ಬಂತು. ಬಿತ್ತುವಾಗ ಸಾಲು ಹಿಡಿದು ಹೋಗುವ ಹಾಗೆ, ಒಬ್ಬರಿಂದ ಒಬ್ಬರು ಎರಡು ಮೊಳ ದೂರ ನಿಂತು, ದಂಡೆಯನ್ನು ಉದ್ದಕ್ಕೂ ಅಡ್ಡಕ್ಕೂ ನೋಡಿದೆವು. ಗೂಟ ಸಿಕ್ಕಿತು, ಅರ್ಧ ಮೈಲಿ ದೂರದಲ್ಲಿ, ಬಂಡೆಯ ಸಂದಿನಲ್ಲಿ. ದಾರ ಇರಲಿಲ್ಲ. ಬಾವಿಯ ಹೆಂಗಸರಲ್ಲಿ ಒಬ್ಬಳು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು, ತಪ್ಪು ತನ್ನದೇ ಎಂಬಂತೆ.

ಎರಡು ದಿನದ ದಾರಿಯಲ್ಲಿ ಎಂಟು, ಹನ್ನೆರಡು, ನಾಲ್ಕು, ಎಂಟಕ್ಕೆ ಜೀಪು ನಿಲ್ಲಿಸಿ ಇಬ್ಬರೂ ಉಂಡೆವು. ಬೆಳಿಗ್ಗೆ ಅವಳು ಪೂಜೆಗೆ ಕುಳಿತಾಗ ನಾನೂ ಎದುರಿಗೆ ಕುಳಿತೆ. ನನ್ನ ಕೈ ಖಾಲಿ, ಅವಳ ಅಂಗೈಯನ್ನೇ ನೋಡುತ್ತಿದ್ದೆ. ನನ್ನ ಪೂಜೆ ಗಡಿಯಾರದಂತೆ ಹತ್ತು ನಿಮಿಷದ್ದು. ಅವಳದು ಅದಕ್ಕಿಂತ ಬಹಳ ಉದ್ದ ಎಂಬುದು ಅಂದೇ ತಿಳಿದದ್ದು. ಇಷ್ಟು ವರ್ಷ ನಾನು ಮುಗಿಸಿ ಎದ್ದು ಸ್ಟೌ ಹೊತ್ತಿಸಲು ಹೋಗುತ್ತಿದ್ದೆ.

ಮಠದಲ್ಲಿ ನನ್ನನ್ನು ಬೆಳೆಸಿದ ಸ್ವಾಮಿಗಳು ಇನ್ನೂ ಇದ್ದರು, ಬಹಳ ಮುಪ್ಪಾಗಿದ್ದರು. ಏನನ್ನೂ ಮುಚ್ಚಿಡದೆ ಹೇಳಿದೆ. ಗೂಟ, ನೀರು, ರೊಟ್ಟಿ.

"ಉಂಡ್ರೇನು?" ಎಂದರು.

"ಉಂಡೆನ್ರಿ ಅಪ್ಪಾರ. ಅವತ್ತು ಎರಡು ರೊಟ್ಟಿ. ಆಮ್ಯಾಲ ದಿನಾ ನಾಕು ಸಲ."

ಅವರು ನನ್ನ ಹೆಂಡತಿಯ ಕಡೆ ತಿರುಗಿದರು. "ಹೊಟ್ಟಿ ಹ್ಯಾಂಗ ಅದವ್ವಾ?"

"ಆರಾಮ ಅದ್ರಿ ಅಪ್ಪಾರ."

"ಹಂಗಾದ್ರ ಕುಂದರ್ರಿ ಇಬ್ರೂ," ಎಂದು ಹೇಳಿ, ಒಳಗಿನಿಂದ ವಿಭೂತಿ ತರಿಸಿದರು. ತಪ್ಪೆಂದೂ ಅನ್ನಲಿಲ್ಲ, ಸರಿಯೆಂದೂ ಅನ್ನಲಿಲ್ಲ. ಲಿಂಗ ಕಟ್ಟುವಾಗ ದಾರವನ್ನು ಮಾತ್ರ ಎರಡು ಸಲ ಜಗ್ಗಿ ನೋಡಿದರು.

ಆಮೇಲೆಯೂ ಬಹಳ ವರ್ಷ ತಿರುಗಿದೆವು. ಅದೇ ದಂಡೆಗೆ ಮೂರು ಸಲ ಹೋದೆವು. ಪ್ರತಿ ಸಲ ಮೊದಲು ಮುದುಕನ ಮನೆಗೆ ಹೋಗಿ ನೀರಿನ ವೇಳೆ ಕೇಳಿಕೊಂಡು, ಆಮೇಲೆ ಗೂಟ ನೆಡುತ್ತಿದ್ದೆ. ಕೇಳಿದ ಮೇಲೆ ಗೂಟ ಯಾಕೆ ಎಂದು ಅವನು ಕೇಳಿದ. ಅಭ್ಯಾಸ ಎಂದೆ.

ಪ್ರವಾಸದ ನೋಟ್‌ಬುಕ್ಕುಗಳು ಈಗಲೂ ನನ್ನ ಕಪಾಟಿನಲ್ಲಿ ವರ್ಷವಾರು ಇವೆ. ಮೊದಲ ನಾಲ್ಕರಲ್ಲಿ ಊಟದ ಕಾಲಂ ಒಂದೇ, ಅವಳದು. ಐದನೆಯದರಲ್ಲಿ, ಸಮುದ್ರದ ದಿನದ ಪುಟದಲ್ಲಿ, ಹನ್ನೆರಡರ ಜಾಗ ಖಾಲಿಯಿದೆ. ಅದರ ಕೆಳಗೆ ಐದು ಗಂಟೆ ಹತ್ತು ನಿಮಿಷ ಎಂದಿದೆ. ಪಕ್ಕದಲ್ಲಿ ಕೈಯಿಂದ ಎಳೆದ ಸೊಟ್ಟ ಗೆರೆ, ಅದರಾಚೆ ಮತ್ತೆ ಐದು ಗಂಟೆ ಹತ್ತು ನಿಮಿಷ. ಆ ಗೆರೆ ಎಳೆದವಳು ಅವಳು. ಮರುವರ್ಷದಿಂದ ನಾನೇ ಗೆರೆಪಟ್ಟಿ ಹಿಡಿದು ಎರಡು ಕಾಲಂ ಹಾಕಲು ಹತ್ತಿದೆ.